ಮೂರು ಕಲ್ಲಿನ ವಸತಿ ಘಟಕ

"ನಿನ್ನೆ ರಾತ್ರಿ ಎಲ್ಲಿ ಉಳ್ಕೊಂಡಿದ್ರಿ ಯಜಮಾನ್ರೇ?"

"ಎಲ್ಲೂ ಉಳ್ಕೊಂಡಿಲ್ಲ ಕಣವ್ವ. ಇಲ್ಲೇ ಇದ್ದೋ."

ಟಿ. ನರಸೀಪುರದ ಹೊಳೆ ದಂಡೆಯಲ್ಲಿ ಬೆಳಗಿನ ಏಳು ಗಂಟೆಗೆ ಈ ಉತ್ತರ ಸಿಕ್ಕಿತು. ಕೊಟ್ಟವರು ಆಗಷ್ಟೇ ಮುಡಿ ತೆಗೆಸಿ, ಬೋಳು ತಲೆಗೆ ಗಂಧ ಬಳಿದುಕೊಂಡು ಬಿಸಿಲಿಗೆ ಕುಳಿತಿದ್ದವರು. ನನ್ನ ಕೈಯಲ್ಲಿದ್ದ ನಮೂನೆಯಲ್ಲಿ ಈ ಪ್ರಶ್ನೆಯ ಮುಂದೆ ಐದು ಚೌಕಗಳಿದ್ದವು. ಹೋಟೆಲು, ಲಾಡ್ಜು, ಹೋಂಸ್ಟೇ, ನೆಂಟರ ಮನೆ, ಇತರೆ. 'ಇಲ್ಲೇ' ಎನ್ನುವ ಚೌಕ ಇರಲಿಲ್ಲ. ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ನಿಂತೆ. ಕೊನೆಗೆ 'ಉಳಿದಿಲ್ಲ' ಎಂದು ಬರೆದು, ಆ ಯಜಮಾನರನ್ನು ದಿನದ ಸಂದರ್ಶಕರ ಪಟ್ಟಿಗೆ ತಳ್ಳಿದೆ. ನಾನು ಮಾಡಿದ ಮೊದಲನೇ ತಪ್ಪು ಅದು.

ಈ ತಪ್ಪನ್ನು ಬೇರೆ ಯಾರಾದರೂ ಮಾಡಿದ್ದರೆ ನಾನೇ ಅವರ ಗ್ರಹಚಾರ ಬಿಡಿಸುತ್ತಿದ್ದೆ. ಯಾಕೆಂದರೆ ನಂಜನಗೂಡಿನ ಒಂದು ಕಾಲೇಜಿನಲ್ಲಿ ನಾನು ಪಾಠ ಮಾಡುವುದೇ ಪ್ರವಾಸೋದ್ಯಮ. ಅದರ ಮೊದಲನೇ ಅಧ್ಯಾಯವೇ 'ಪ್ರವಾಸಿ ಎಂದರೆ ಯಾರು?'. ತನ್ನ ನಿತ್ಯದ ಪರಿಸರ ಬಿಟ್ಟು ಬೇರೆ ಕಡೆಗೆ ಹೋಗಿ, ಕನಿಷ್ಠ ಒಂದು ರಾತ್ರಿ ಅಲ್ಲಿ ಕಳೆದು, ಅಲ್ಲಿ ಕೂಲಿ ಸಂಬಳಕ್ಕೆ ದುಡಿಯದೆ ವಾಪಸಾಗುವವನು ಪ್ರವಾಸಿ. ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುವವನು ದಿನದ ಸಂದರ್ಶಕ. ಪ್ಯಾರಿಸ್ಸಿನಲ್ಲೂ ಇದೇ ಲೆಕ್ಕ, ಪಳನಿಯಲ್ಲೂ ಇದೇ ಲೆಕ್ಕ ಎಂದು ಹುಡುಗರಿಗೆ ಜಂಬದಿಂದ ಹೇಳುತ್ತಿದ್ದೆ. ಅದನ್ನು ನದಿ ದಂಡೆಗೆ ತಂದು ನೋಡಿರಲಿಲ್ಲ ಅಷ್ಟೆ.

ಬೇಸಿಗೆ ರಜೆಯಲ್ಲಿ ಕೈಗೆ ಬಂದ ಕೆಲಸ ಇದು. ನಂಜನಗೂಡು, ನರಸೀಪುರ ಎರಡೂ ಊರುಗಳ ನದಿ ದಂಡೆಗೆ ಅಭಿವೃದ್ಧಿ ಯೋಜನೆ ಬರೆಯುತ್ತಿದ್ದ ಮೈಸೂರಿನ ಒಂದು ಸಲಹಾ ಸಂಸ್ಥೆಗೆ, ಬರುವವರ ಸಮೀಕ್ಷೆ ಮಾಡಿಕೊಡಲು ಸ್ಥಳೀಯರು ಬೇಕಾಗಿದ್ದರು. ಆರು ವಾರದ ಕೆಲಸ. ನನ್ನ ಜೊತೆಗೆ ಒಬ್ಬ ನಿವೃತ್ತ ಸರ್ವೆಯರ್ ಸಾಹೇಬರನ್ನು ಹಾಕಿದ್ದರು. ಕಂದಾಯ ಇಲಾಖೆಯಲ್ಲಿ ಹೊಲ ಗದ್ದೆ ಅಳೆದು ಅಳೆದು ನಡಿಗೆಯೇ ಹೆಜ್ಜೆ ಎಣಿಸಿದ ಹಾಗೆ ಆಗಿಹೋಗಿದ್ದ ಮನುಷ್ಯ. ನಕ್ಷೆ ಅವರದು, ತಲೆ ಎಣಿಕೆ ನನ್ನದು.

ನಂಜನಗೂಡು ಸಲೀಸಾಗಿ ಮುಗಿಯಿತು. ಅಲ್ಲಿ ಲಾಡ್ಜುಗಳಿವೆ, ಛತ್ರಗಳಿವೆ, ರಿಜಿಸ್ಟರುಗಳಿವೆ. ಹೆಸರು, ಊರು, ಬಂದ ವೇಳೆ, ಹೋದ ವೇಳೆ, ಎಲ್ಲವೂ ಒಂದು ಸಾಲಿನಲ್ಲಿ ಸಿಗುತ್ತಿತ್ತು. ಎರಡು ವಾರದಲ್ಲಿ ಕೈ ತೊಳೆದುಕೊಂಡು, ಎಷ್ಟು ಸುಲಭವಪ್ಪಾ ಎಂದುಕೊಂಡು ನರಸೀಪುರದ ಬಸ್ಸು ಹತ್ತಿದೆ.

ನರಸೀಪುರದಲ್ಲಿ ನಮಗೆ ತೋರಿಸಿದ ಜಾಗ ಸಂಗಮಕ್ಕೆ ಸ್ವಲ್ಪ ಮೇಲೆ, ಹೊಳೆಗೂ ರಸ್ತೆಗೂ ನಡುವೆ ಇರುವ ಒಂದು ಬಯಲು. ಹರಕೆ ಹೊತ್ತವರು ಅಲ್ಲಿಗೆ ಬಂದು ಸ್ನಾನ ಮಾಡಿ, ಮುಡಿ ಕೊಟ್ಟು, ಅಡುಗೆ ಮಾಡಿ ಉಂಡು ಹೋಗುತ್ತಾರೆ. ಕರಡು ನಕ್ಷೆಯಲ್ಲಿ ಆ ಬಯಲಿನ ಮೇಲೆ ಒಂದು ನೀಲಿ ಚೌಕ ಎಳೆದಿದ್ದರು. ಕಾರು ನಿಲ್ಲಿಸುವ ಜಾಗ.

"ಅಲ್ಲಿ ರಾತ್ರಿ ಉಳಿಯೋರು ಯಾರೂ ಇಲ್ಲ ಮೇಡಂ, ಎಲ್ಲ ಡೇ ವಿಸಿಟರ್ಸ್," ಎಂದಿದ್ದರು ಯೋಜನೆಯ ಮುಖ್ಯಸ್ಥರು. "ಡೇ ವಿಸಿಟರ್‌ಗೆ ಬೇಕಾಗಿರೋದು ಪಾರ್ಕಿಂಗು. ನಿಮ್ಮ ನಂಬರ್ಸು ಬಂದ್ಬಿಟ್ರೆ ಫೈನಲ್ ಮಾಡ್ತೀವಿ. ರಾತ್ರಿ ಉಳಿಯೋರು ಇದ್ದಿದ್ರೆ ಅದು ವಸತಿ ಪ್ರದೇಶ ಅಂತಾಗೋದು. ಆಗ ನಲ್ಲಿ, ಶೌಚಾಲಯ, ಚಾವಣಿ ಎಲ್ಲ ಕೊಡ್ಲೇಬೇಕಾಗೋದು."

ವಿಷಯ ಇಷ್ಟೇ. ಆ ಬಯಲು ಅಡುಗೆ ಬಯಲಾಗಿಯೇ ಉಳಿದು, ಹೆಂಗಸರಿಗೆ ಒಂದು ಮರೆ, ಕುಡಿಯಲು ಒಂದು ನಲ್ಲಿ ಬರುತ್ತದೋ, ಇಲ್ಲ ಡಾಂಬರು ಬಳಿದು ಕಾರುಗಳಿಗೆ ಹೋಗುತ್ತದೋ, ಅದು ನಾನು ತುಂಬುವ ಚೌಕದ ಮೇಲೆ ನಿಂತಿತ್ತು.

ಎರಡನೇ ತಪ್ಪು ಇನ್ನೂ ದೊಡ್ಡದು. 'ನಿಮ್ಮ ತಂಡದಲ್ಲಿ ಎಷ್ಟು ಜನ?' ಎಂಬ ಪ್ರಶ್ನೆಗೆ ಬಹಳ ಮಂದಿ ಕೊಟ್ಟ ಉತ್ತರ, "ಒಂದೊಕ್ಲು ಕಣವ್ವ." ಒಕ್ಕಲು ಎಂದರೆ ಒಂದು ಮನೆ ತಾನೆ? ಒಂದು ಮನೆಗೆ ಐದು ಜನ ಎಂದು ಸಂಸ್ಥೆಯವರು ಕೊಟ್ಟ ಕೈಪಿಡಿಯಲ್ಲೇ ಇತ್ತು. ಐದು, ಐದು, ಐದು ಎಂದು ನಾಲ್ಕು ದಿನ ಬರೆದೆ. ನಾಲ್ಕನೇ ದಿನ ಮಧ್ಯಾಹ್ನ ಸರ್ವೆಯರ್ ಸಾಹೇಬರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕೇಳಿದರು.

"ಮೇಡಂ, ಐದು ಜನ ಉಣ್ಣೋಕೆ ಅಷ್ಟು ದೊಡ್ಡ ಡಬರಿ ಅನ್ನ ಯಾಕ್ರೀ?"

ತಿರುಗಿ ನೋಡಿದೆ. ನಾನು ಐದು ಎಂದು ಬರೆದ ಹಾಡ್ಯ ಊರಿನ ಒಕ್ಕಲು ಊಟಕ್ಕೆ ಕುಳಿತಿತ್ತು. ಅಣ್ಣತಮ್ಮಂದಿರು, ಅವರ ಮಕ್ಕಳು, ಕೊಟ್ಟ ಹೆಣ್ಣುಮಕ್ಕಳು, ಅಳಿಯಂದಿರು, ಸೋದರತ್ತೆ, ಆಕೆಯ ಮೊಮ್ಮಗು. ಎರಡು ಸಾಲು ಎಲೆ, ಮೂವತ್ತರ ಮೇಲೆ ಜನ. ಒಲೆ ಒಂದೇ, ಆದ್ದರಿಂದ ಒಕ್ಕಲೂ ಒಂದೇ. ನಾನು ಹುಟ್ಟಿದ್ದು ಹೆಡತಲೆಯಲ್ಲಿ, ಅಂಥದೇ ಒಕ್ಕಲಿನಲ್ಲಿ. ನಮ್ಮಜ್ಜಿ ಊರಹಬ್ಬಕ್ಕೆ ಇಪ್ಪತ್ತೆಂಟು ಜನಕ್ಕೆ ಬಡಿಸಿ 'ನಮ್ದೊಂದೊಕ್ಲು' ಎನ್ನುತ್ತಿದ್ದುದನ್ನು ಕೇಳಿ ಬೆಳೆದವಳು. ಕೈಗೆ ನಮೂನೆ ಬಂದ ಕೂಡಲೇ ಅದೆಲ್ಲ ಮರೆತುಹೋಗಿತ್ತಲ್ಲ! ನಾಲ್ಕು ದಿನದ ಹಾಳೆಗಳು ಹೊಳೆಗೆ ಹಾಕಿದ ಹಾಗಾದವು. ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಆವತ್ತು ಊಟ ಸೇರಲಿಲ್ಲ.

ಸರಿ, ಕೇಳುವುದೇ ಬೇಡ, ಎಣಿಸಿಯೇ ಬಿಡೋಣ ಎಂದು ಮರುದಿನ ಬೆರಳು ಮುಂದೆ ಮಾಡಿಕೊಂಡು ಹೊರಟೆ. ಅರ್ಧ ಜನ ನೀರಿನಲ್ಲಿ, ಕಾಲು ಭಾಗ ಕ್ಷೌರದವರ ಮುಂದೆ, ಮಿಕ್ಕವರು ಗುಡಿಯಲ್ಲಿ. ಬೋಳು ತಲೆಗಳೆಲ್ಲ ಒಂದೇ ಥರ ಕಾಣುತ್ತಿದ್ದವು, ಎಣಿಸಿದವರನ್ನೇ ಮತ್ತೆ ಎಣಿಸುತ್ತಿದ್ದೆ. ಕಾಯಿ ತುರಿಯುತ್ತಿದ್ದ ಒಬ್ಬ ಮುದುಕಿ ನನ್ನ ಬೆರಳು ಕಂಡು ರೇಗಿದಳು.

"ಏನವ್ವ ಅದು, ದೇವ್ರಿಗೆ ಬಂದೋರ್ನ ಬೆರಳಿಟ್ಟು ಎಣ್ಸೋದು? ನಾವೇನು ಕುರಿಯಾ? ಹಸುಗೂಸವೆ ಇಲ್ಲಿ, ಕಣ್ಣಾದೀತು. ಅತ್ತಾಗೋಗು."

ಅತ್ತ ಹೋದೆ. ಅಲ್ಲಿ, ಬಯಲಿನ ಅಂಚಿನ ಹೊಂಗೆ ಮರದ ಕೆಳಗೆ, ಒಂದು ತಗಡಿನ ಗುಡಿಸಲಿತ್ತು. ಮುಂದೆ ಒಂದರ ಮೇಲೊಂದು ಕವುಚಿ ಹಾಕಿದ ಡಬರಿಗಳು, ಉದ್ದನೆಯ ಸೌಟುಗಳು, ಮುದ್ದೆ ತಿರುವುವ ಕೋಲುಗಳು, ಪಕ್ಕದಲ್ಲಿ ಸೌದೆ ರಾಶಿ. ಅಡುಗೆಗೆ ಬಂದವರಿಗೆಲ್ಲ ಪಾತ್ರೆ ಬಾಡಿಗೆಗೆ ಕೊಡುವ ಹೆಂಗಸಿನದು ಅದು. ಎಲ್ಲರೂ ಆಕೆಯನ್ನು ಪಾತ್ರೆಯಮ್ಮ ಎನ್ನುತ್ತಿದ್ದರು. ಅರವತ್ತು ದಾಟಿರಬೇಕು. ನಾನು ನೋಡುತ್ತಿದ್ದಂತೆಯೇ ಒಂದು ಲಗೇಜ್ ಆಟೋ ಬಂದು ನಿಂತಿತು. ಜನ ಇಳಿದರು. ಪಾತ್ರೆಯಮ್ಮ ಕೂತಲ್ಲಿಂದಲೇ ಒಮ್ಮೆ ಕತ್ತು ತಿರುಗಿಸಿ ನೋಡಿದಳು. ಎಷ್ಟು ಜನ ಎಂದು ಕೇಳಿದಳು, ಒಂದೊಕ್ಲು ಎಂದರು. ಆಳುದ್ದ ಪೇರಿಸಿದ ಪಾತ್ರೆಗಳಲ್ಲಿ ಒಂದನ್ನು ಎಳೆದು ಕೊಟ್ಟಳು. ಅವರು ಅದು ಚಿಕ್ಕದು, ದೊಡ್ಡದು ಎನ್ನದೆ ತೆಗೆದುಕೊಂಡು ಹೋದರು.

ಅರೆ, ಈಕೆಗೆ ಹೇಗೆ ಗೊತ್ತಾಯಿತು?

ಆ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ನನಗೆ ಬೇರೆ ಕೆಲಸವೇ ಕಾಣಲಿಲ್ಲ. ಹತ್ತಿರ ಹೋಗಿ ನಗುತ್ತ ಮಾತಿಗೆಳೆದೆ. ಆಕೆ ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ಟೇಪು ಹಿಡಿದು ನಿಂತಿದ್ದ ಸರ್ವೆಯರ್ ಸಾಹೇಬರನ್ನು ನೋಡಿದಳು.

"ಅಳತೆಯೋರು ಬಂದು ಓದ್ಮೇಲೆ ನಮ್ಗೆ ಯಾವತ್ತವ್ವ ಒಳ್ಳೇದಾಗಿರೋದು? ನಂಗೇನೂ ಗೊತ್ತಿಲ್ಲ, ನಡೀರಿ."

ಮೂರು ದಿನ ಇದೇ ಕಥೆ. ಸಾಹೇಬರಿಗೂ ಬೇಜಾರಾಯಿತು. "ಜಮಾಬಂದಿ ಕಾಲದಿಂದ ನಮ್ಮನ್ನು ಕಂಡ್ರೆ ಜನಕ್ಕೆ ಇದೇ ಭಯ ಬಿಡ್ರಿ," ಎಂದು ಟೇಪು ಚೀಲಕ್ಕೆ ಹಾಕಿಕೊಂಡರು.

ನಾಲ್ಕನೇ ದಿನ ನಾನು ನಿಯಮ ಮುರಿದೆ. ಕರಡು ನಕ್ಷೆಯನ್ನು ಹೊರಗಿನವರಿಗೆ ತೋರಿಸಬೇಡಿ ಎಂದಿದ್ದರು. ಅದನ್ನು ಪಾತ್ರೆಯಮ್ಮನ ಮುಂದೆ ಕವುಚಿದ ಡಬರಿಯ ಮೇಲೆ ಹರಡಿದೆ. ಇರುವುದನ್ನು ಇದ್ದ ಹಾಗೆ ಹೇಳಿದೆ. ಈ ನೀಲಿ ಚೌಕ ಕಾರು ನಿಲ್ಲಿಸೋ ಜಾಗ. ರಾತ್ರಿ ಯಾರೂ ಇರಲ್ಲ ಅಂತ ನಾನು ಬರೆದರೆ ಇದೇ ಆಗುತ್ತೆ. ಇರ್ತಾರೆ ಅಂತ ತೋರಿಸೋಕೆ ನನಗೆ ಲೆಕ್ಕ ಬೇಕು, ಬಾಯಿಮಾತು ನಡೆಯಲ್ಲ.

ಆಕೆ ನಕ್ಷೆಯನ್ನು ಎರಡು ಸಲ ತಿರುಗಿಸಿ, ನದಿ ಯಾವ ಕಡೆ ಎಂದು ಕೇಳಿ, ಹೊಳೆಗೆ ಸರಿಯಾಗಿ ಇಟ್ಟುಕೊಂಡಳು. ಬೆರಳಿನಿಂದ ನೀಲಿ ಚೌಕವನ್ನು ಸವರಿದಳು.

"ಇದ್ರಲ್ಲಿ ಒಲೆ ಎಲ್ಲವೆ?"

"ಒಲೆ ಹಾಕಿಲ್ಲಮ್ಮ."

"ಒಲೆ ಆಕ್ದೆ ಮತ್ತಿನ್ನೇನವ್ವ ಬರ್ದವ್ರೆ ಇಲ್ಲಿ?"

ಸಾಹೇಬರು ಜೋರಾಗಿ ನಕ್ಕರು. ಪಾತ್ರೆಯಮ್ಮ ನಗಲಿಲ್ಲ. ಎದ್ದು ಸೆರಗು ಸಿಕ್ಕಿಸಿಕೊಂಡು "ಬನ್ನಿ" ಎಂದಳು.

ಮುಂದಿನ ಎರಡು ಗಂಟೆ ನಾನು ಬಾಯಿ ತೆರೆದುಕೊಂಡು ಆಕೆಯ ಹಿಂದೆ ಸುತ್ತಿದೆ. ಅಷ್ಟು ದಿನ ನನ್ನ ಕಣ್ಣಿಗೆ ಅಲ್ಲಿ ಕಂಡಿದ್ದು ಚೆಲ್ಲಾಪಿಲ್ಲಿ ಬಿದ್ದ ಮಸಿ ಕಲ್ಲುಗಳು. ಅವು ಚೆಲ್ಲಾಪಿಲ್ಲಿ ಬಿದ್ದಿರಲಿಲ್ಲ. ಮೂರು ಮೂರು ಕಲ್ಲಿನ ಒಂದೊಂದು ಒಲೆಗೂ ಒಬ್ಬೊಬ್ಬರು ವಾರಸುದಾರರಿದ್ದರು.

"ಇದು ಕವಲಂದೆಯೋರ್ದು. ಇದು ಅದಿನಾರು ಊರ್ನೋರ್ದು, ಅವ್ರು ಭತ್ತ ಒಡೆದು ಮುಗ್ಸಿದ್ಮೇಲೇ ಬರೋದು. ಈ ಎರಡೂ ಒಂದೇ ಊರ್ನೋರ್ದು, ಅಣ್ತಮ್ಮಂದಿರು ಭಾಗ ಆದ್ಮೇಲೆ ಒಲೇನೂ ಬ್ಯಾರೆ ಮಾಡ್ಕಂಡ್ರು. ಕಲ್ಲು ಮಾತ್ರ ಅಕ್ಕಪಕ್ಕಾನೇ ಮಡಗಿವ್ನಿ, ಒಂದಾಗೋ ಕಾಲ ಬಂದ್ರೆ ಕಷ್ಟ ಆಗ್ಬಾರ್ದು ಅಂತ."

"ಬೇರೆಯವರು ಬಂದು ಈ ಒಲೆಯಲ್ಲಿ ಅಡುಗೆ ಮಾಡಿದ್ರೆ?"

"ನನ್ನ ಕೇಳ್ಬೇಕು. ಒಲೆಯೋರು ಆವತ್ತು ಬರಲ್ಲ ಅಂದ್ರೆ ಕೊಡ್ತೀನಿ. ಬೂದಿ ತೆಗ್ದು, ಕಲ್ಲು ತೊಳ್ದು ಓಗ್ಬೇಕು. ಯಾರೇ ಆಗ್ಲಿ, ಓಗೋವಾಗ ಒಲೆಗೆ ನೀರು ಚಿಮುಕ್ಸಿ, ಮುಂದಿನೋರಿಗೆ ಒಂದು ಸೌದೆ ಬಿಟ್ಟೋಗ್ಬೇಕು."

"ಬರ್ತೀವಿ ಅಂತ ನಿಮಗೆ ಮೊದಲೇ ಹೇಗೆ ಗೊತ್ತಾಗುತ್ತೆ?"

"ಫೋನ್ ಮಾಡ್ತಾರೆ ಕಣವ್ವ. ಸ್ವಾಮಾರ ನಮ್ಮ ಒಲೆ ನೋಡ್ಕೋ ಅಂತಾರೆ. ಮೊದ್ಲು ಬಸ್ಸಿನ ಕಂಡಕ್ಟ್ರ ಕೈಲಿ ಏಳಿ ಕಳಿಸೋರು."

ಮುಂಗಡ ಕಾಯ್ದಿರಿಸುವಿಕೆ, ಮರಳಿ ಬರುವ ಅತಿಥಿ, ಜನ ಬರುವ ಕಾಲ ಬಾರದ ಕಾಲ, ಖಾಲಿ ಮಾಡುವಾಗಿನ ಶಿಸ್ತು. ನಾನು ಕಪ್ಪುಹಲಗೆಯ ಮೇಲೆ ಬರೆಯುವ ಮೂರನೇ ಅಧ್ಯಾಯ ಪೂರ್ತಿ ಈ ಹೆಂಗಸಿನ ನಾಲಿಗೆಯ ಮೇಲಿತ್ತು. ರಿಜಿಸ್ಟರು ಮಾತ್ರ ಇರಲಿಲ್ಲ. ಆಕೆಗೆ ಓದು ಬರಹ ಬಾರದು, ಬೇಕಾಗಿಯೂ ಇರಲಿಲ್ಲ.

ಆವತ್ತು ಸರ್ವೆಯರ್ ಸಾಹೇಬರ ಉತ್ಸಾಹ ನೋಡಬೇಕಿತ್ತು. ಚೀಲದಿಂದ ಟೇಪು ಮತ್ತೆ ಹೊರಬಂತು. ಹೊಂಗೆ ಮರವನ್ನೂ ಹೊಳೆ ಮೆಟ್ಟಿಲಿನ ಮೂಲೆಯನ್ನೂ ಆಧಾರವಾಗಿಟ್ಟುಕೊಂಡು, ಪ್ರತಿ ಒಲೆಗೂ ಅಳತೆ ಹಿಡಿದು, ಪೇಂಟಿನಲ್ಲಿ ನಂಬರು ಬರೆದು ನಕ್ಷೆಗೆ ಏರಿಸಿದರು. ನಲವತ್ತಮೂರು ಒಲೆ.

"ನಿಮ್ಮಾಣೆ ಮೇಡಂ, ಒಲೆಗೂ ಪಹಣಿ ಇರುತ್ತೆ ಅಂತ ನಂಗೆ ಈ ವಯಸ್ಸಲ್ಲಿ ಗೊತ್ತಾಯ್ತು," ಎಂದರು.

ಜನರ ಲೆಕ್ಕಕ್ಕೂ ಪಾತ್ರೆಯಮ್ಮನೇ ದಾರಿ ತೋರಿಸಿದಳು. ಸೇರಿನ ಲೆಕ್ಕ. ಒಂದು ಸೇರು ಅಕ್ಕಿಗೆ ಆರು ಜನ, ಜೊತೆಗೆ ಮುದ್ದೆ ಇದ್ದರೆ ಎಂಟು. ಯಾರಿಗೆ ಯಾವ ಡಬರಿ ಹೋಯಿತು, ಮುದ್ದೆ ಕೋಲು ಹೋಯಿತೋ ಇಲ್ಲವೋ, ಇಷ್ಟು ತಿಳಿದರೆ ತಲೆ ಎಣಿಸಬೇಕಾಗಿಲ್ಲ. ಕೇಳಲು ಚೆನ್ನಾಗಿತ್ತು. ಆದರೆ ಪರೀಕ್ಷೆ ಮಾಡದೆ ಬರೆಯುವ ಹಾಗಿಲ್ಲ. ಒಂದು ಸೋಮವಾರ ಆಕೆ ಕೊಟ್ಟ ಅಂದಾಜನ್ನು ನಾನು ಮೊದಲೇ ಬರೆದಿಟ್ಟುಕೊಂಡು, ಜನ ಉಂಡು ಎದ್ದ ಮೇಲೆ ಎಂಟು ಒಲೆಗಳ ಎಂಜಲೆಲೆ ಎಣಿಸಿದೆವು. ಸಾಹೇಬರು ಒಂದು ಕೈಯಲ್ಲಿ ಮೂಗು, ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಎಲೆ ಸರಿಸುತ್ತಿದ್ದರು. "ಕಂದಾಯ ಇಲಾಖೆ ಈ ಕೆಲಸ ಒಂದು ಮಾಡಿಸಿರ್ಲಿಲ್ಲ ನನ್ನ ಕೈಲಿ," ಎಂದು ಗೊಣಗಿದರು. ಆರು ಒಲೆಗಳಲ್ಲಿ ಆಕೆಯ ಮಾತು ಸರಿಯಾಗಿತ್ತು. ಎರಡರಲ್ಲಿ ಎಲೆಗಳು ಕಡಿಮೆ ಬಂದವು. ಯಾಕೆ ಎಂದು ಕೇಳಿದರೆ, "ತಾಯಿ ಎಲೇಲೇ ಕೂಸೂ ಉಣ್ಣುತ್ತೆ, ಅಷ್ಟೂ ತಿಳೀದಾ?" ಎಂದು ಗದರಿದಳು.

ರಾತ್ರಿ ಇದ್ದವರೆಷ್ಟು ಎಂಬುದಕ್ಕೆ ಬೆಳಗಿನ ಐದೂವರೆಯ ಬಸ್ಸಿಗೆ ಬಂದು, ಚಾಪೆ ಸುತ್ತುವ ಮೊದಲೇ ಒಲೆ ಒಲೆಗೂ ಹೋಗಿ ನೋಡಿಕೊಂಡೆವು. ಒಲೆ ಹೊತ್ತಿದ್ದ ಕಡೆಯೆಲ್ಲ ಹೆಚ್ಚೂಕಡಿಮೆ ಚಾಪೆಗಳಿದ್ದವು. ಹಿಂದಿನ ದಿನ ಬಂದು, ಉಂಡು, ಅಲ್ಲೇ ಮಲಗಿ, ಹೊತ್ತು ಮೂಡುವಾಗ ಮೀಯುವುದು ಅವರ ಕ್ರಮ. ನನ್ನ ಪುಸ್ತಕದ ಪ್ರಕಾರ ಅಪ್ಪಟ ಪ್ರವಾಸಿಗಳು.

ಹೀಗೆ ಒಂದು ಬೆಳಿಗ್ಗೆ ಪಟ್ಟಿ ಸರಿನೋಡುತ್ತಿದ್ದಾಗ ಪಾತ್ರೆಯಮ್ಮ ಕೇಳಿದಳು.

"ಅದ್ಸರಿ, ನಿಂದು ಯಾವೂರವ್ವ?"

"ಹೆಡತಲೆ."

"ಎಡತಲೇಲಿ ಯಾರ ಪೈಕಿ?"

"ಹುಣಸೆಮರದ ಮನೆಯವರು ಅಂತಾರೆ."

ಆಕೆ ನನ್ನ ಕೈ ಹಿಡಿದು ರಸ್ತೆ ಕಡೆಯ ಮೂಲೆಗೆ ಎಳೆದುಕೊಂಡು ಹೋದಳು. ಮೂವತ್ತೊಂಬತ್ತನೇ ನಂಬರಿನ ಒಲೆ. ಕಲ್ಲುಗಳ ಸಂದಿನಲ್ಲಿ ಗರಿಕೆ ಎದ್ದಿತ್ತು, ಮಸಿ ಮಳೆಗೆ ತೊಳೆದುಹೋಗಿತ್ತು.

"ಇದು ನಿಮ್ದು. ನಿಮ್ಮಜ್ಜಿ ಕೆಂಪು ಸೀರೆ ಉಟ್ಕೊಂಡು ಇಲ್ಲೇ ಕೂತು ಕಾಳು ಬಿಡ್ಸೋಳು. ನಿಮ್ಮೋರು ಬರೋದ ಬಿಟ್ಟು ಅನ್ನೆರಡು ವರ್ಸ ಆಗಿರ್ಬೇಕು. ಬತ್ತಾರೆ ಅಂತ ನಾನು ಕಲ್ಲು ಆಗೇ ಮಡಗಿವ್ನಿ."

ತೀರ ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ಹೊಳೆಗೆ ಬಂದ ನೆನಪಿತ್ತು, ಒಲೆಯ ನೆನಪಿರಲಿಲ್ಲ. ಅಜ್ಜಿ ಹೋದ ಮೇಲೂ ನಾವು ದೇವರಿಗೆ ಬರುವುದನ್ನೇನೂ ಬಿಟ್ಟಿರಲಿಲ್ಲ. ಮನೆಗೆ ಕಾರು ಬಂದಿತ್ತು. ಬೆಳಿಗ್ಗೆ ಬಂದು, ಕೈಕಾಲಿಗೆ ನೀರು ಹಾಕಿಕೊಂಡು, ಕೈ ಮುಗಿದು, ಹೋಟೆಲಿನಲ್ಲಿ ತಿಂಡಿ ತಿಂದು ಮಧ್ಯಾಹ್ನಕ್ಕೆ ಮನೆ ಸೇರುತ್ತಿದ್ದೆವು. ಈ ಬಯಲಿಗೆ ಬಂದ ನಿಜವಾದ ದಿನದ ಸಂದರ್ಶಕರು ನಾವೇ. ಆ ನೀಲಿ ಚೌಕ ಎಳೆದಿದ್ದು ನಮ್ಮಂಥವರ ಕಾರಿಗೆ.

ಪಟ್ಟಿಯಲ್ಲಿ ಪ್ರತಿ ಒಲೆಯ ಮುಂದೆ 'ಬಳಕೆಯಲ್ಲಿದೆ' ಅಥವಾ 'ಖಾಲಿ' ಎಂದು ಬರೆಯಬೇಕಿತ್ತು. ನಾಲ್ಕು ಒಲೆಗಳು ಖಾಲಿ ಎಂದು ಮೊದಲೇ ಗುರುತಾಗಿದ್ದವು, ಎಲ್ಲ ರಸ್ತೆ ಬದಿಯವೇ. ನನ್ನ ಪೆನ್ನು ನಮ್ಮ ಮೂವತ್ತೊಂಬತ್ತರ ಮುಂದೆ ನಿಂತಿದ್ದನ್ನು ಪಾತ್ರೆಯಮ್ಮ ನೋಡಿದಳು.

"ನಿಮ್ದ ಖಾಲಿ ಅಂತ ಬರ್ಕೋಬ್ಯಾಡ ಮಗ. ನಾಳೆ ಬತ್ತೀರಪ್ಪ."

ಬರೆಯದಿರಲು ಮನಸ್ಸು ಎಷ್ಟು ಎಳೆಯಿತೋ ದೇವರಿಗೇ ಗೊತ್ತು. ಒಂದು ಪದ ತಾನೆ? ಆದರೆ ನನ್ನ ಒಲೆಗೆ ನಾನು ಸುಳ್ಳು ಬರೆದರೆ, ಉಳಿದ ನಲವತ್ತೆರಡರ ನಿಜಕ್ಕೆ ನಾನು ಯಾವ ಮುಖ ಇಟ್ಟುಕೊಂಡು ವಾದ ಮಾಡಲಿ? ಖಾಲಿ ಎಂದೇ ಬರೆದೆ. ಪಾತ್ರೆಯಮ್ಮ ಎದ್ದು ಹೋದಳು. ಮರುದಿನ ಸಂಜೆಯವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಐದನೇ ವಾರ ಮುಖ್ಯಸ್ಥರಿಗೆ ಫೋನು ಮಾಡಿ ಹೇಳಿದೆ. ಅವರು "ಒಲೆಯಾ?" ಎಂದರು. ನಂತರ ಮೆತ್ತಗೆ, ಮಕ್ಕಳಿಗೆ ತಿಳಿಹೇಳುವ ಹಾಗೆ ಹೇಳಿದರು.

"ನೋಡಿ ಮೇಡಂ, ಫಾರ್ಮ್ಯಾಟಲ್ಲಿ ಒಲೆ ಅನ್ನೋ ಕಾಲಂ ಇಲ್ಲ. ಲಾಡ್ಜು ಲೆಕ್ಕ ಕೊಡಿ ಸಾಕು. ಇದನ್ನೆಲ್ಲ 'ಇತರೆ'ಗೆ ಹಾಕಿ. ಶುಕ್ರವಾರ ಲಾಸ್ಟು."

'ಇತರೆ'ಗೆ ಹಾಕಿದ್ದು ಸಾರಾಂಶದ ಹಾಳೆಗೆ ಬರುವುದಿಲ್ಲ. ಸಾರಾಂಶಕ್ಕೆ ಬಾರದ್ದನ್ನು ಯಾರೂ ಓದುವುದಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಹಾಗೆ ಕೊಟ್ಟರೆ ನನ್ನ ಕೆಲಸವೇನೋ ಮುಗಿಯುತ್ತಿತ್ತು, ಮುಂದಿನ ವರ್ಷ ಮತ್ತೆ ಕರೆಯುತ್ತಲೂ ಇದ್ದರು. ಬುಧವಾರ ಮನೆಯ ಜಗಲಿಯಲ್ಲಿ ಕೂತು ಸಂಸ್ಥೆಯ ಕೈಪಿಡಿಯನ್ನು ಮೊದಲಿಂದ ಓದಿದೆ. ವಸತಿ ಘಟಕ ಎಂದರೇನು ಎಂದು ಅವರೇ ಒಂದು ಕಡೆ ಸಣ್ಣ ಅಕ್ಷರದಲ್ಲಿ ವಿವರಿಸಿದ್ದರು. ಒಂದು ತಂಡ ರಾತ್ರಿ ಕಳೆಯಲು ಗೊತ್ತು ಮಾಡಿದ, ಒಬ್ಬರ ಉಸ್ತುವಾರಿಯಲ್ಲಿರುವ ಜಾಗ ಎಂಬಂತೆ ಅದರ ತಾತ್ಪರ್ಯ. ಎರಡು ಸಲ ಓದಿದೆ. ಗೋಡೆ ಎಂಬ ಮಾತು ಎಲ್ಲೂ ಇರಲಿಲ್ಲ. ಬಾಗಿಲು, ಬೀಗ, ಸೂರು, ಯಾವುದೂ ಇರಲಿಲ್ಲ.

ಆಗ ನಿರ್ಧಾರ ಮಾಡಿದೆ. ಪ್ರತ್ಯೇಕ ಟಿಪ್ಪಣಿ ಬರೆಯಲಿಲ್ಲ, ಅನುಬಂಧ ಹಚ್ಚಲಿಲ್ಲ, ಹೊಸ ಕಾಲಂ ಸೇರಿಸಲಿಲ್ಲ. ಅವರದೇ ನಮೂನೆಯಲ್ಲಿ, ಲಾಡ್ಜುಗಳ ಕೆಳಗಿನ ಸಾಲಿನಲ್ಲೇ ತುಂಬಿದೆ. ವಸತಿ ಘಟಕದ ಬಗೆ: ಮೂರು ಕಲ್ಲಿನ ಒಲೆ. ಒಟ್ಟು: ನಲವತ್ತಮೂರು. ಬಳಕೆಯಲ್ಲಿರುವುದು: ಮೂವತ್ತೆಂಟು. ಖಾಲಿ: ಐದು. ಉಸ್ತುವಾರಿ: ಇದೆ. ಮುಂಗಡ ಕಾಯ್ದಿರಿಸುವ ವ್ಯವಸ್ಥೆ: ಇದೆ. ಸಾಹೇಬರು ನಕ್ಷೆಯ ಮೂಲೆಯಲ್ಲಿ ತಮ್ಮ ಹಳೆಯ ದೊಡ್ಡ ಸಹಿ ಹಾಕಿದರು. "ಬೈದ್ರೆ ಇಬ್ರೂ ಬೈಸ್ಕೊಳ್ಳೋಣ," ಎಂದರು.

ಸೋಮವಾರ ಮೈಸೂರಿಗೆ ಬುಲಾವು ಬಂತು. ಮುಖ್ಯಸ್ಥರು ನಕ್ಷೆಯನ್ನು ಮೇಜಿನ ಮೇಲೆ ಹಾಸಿಕೊಂಡು ಕೂತಿದ್ದರು. ಮುಖ ಗಂಟು.

"ಇದಕ್ಕೆ ರೂಫ್ ಎಲ್ಲಿದೆ ಮೇಡಂ?"

"ಕಬಿನಿ ಹಿನ್ನೀರಿನ ಕಡೆ ಬಟ್ಟೆ ಡೇರೆ ಹಾಕಿ ಜನರನ್ನ ಮಲಗಿಸ್ತಾರಲ್ಲ ಸಾರ್, ಅದನ್ನ ಎಣಿಸ್ತೀರಾ ಇಲ್ವಾ?"

"ಅದನ್ನ ಎಣಿಸ್ತೀವಿ."

"ಈ ಜನ ಆ ಬಟ್ಟೇನೂ ಕೇಳಿಲ್ಲ ಸಾರ್. ಅಷ್ಟೇ ವ್ಯತ್ಯಾಸ. ನಿಮ್ಮ ಕೈಪಿಡೀಲಿ ಸೂರು ಬೇಕು ಅಂತ ಇದ್ರೆ ತೋರ್ಸಿ, ಇವತ್ತೇ ಅಳಿಸಿ ಕೊಡ್ತೀನಿ."

ದನಿ ಏರಿತು ಎಂದು ನನಗೇ ಗೊತ್ತಾಗಿ ನೀರು ಕುಡಿದೆ. ಅವರು ಕೈಪಿಡಿ ತೆಗೆದು ಆ ಪುಟ ಓದಿಕೊಂಡರು. ಮತ್ತೊಮ್ಮೆ ಓದಿಕೊಂಡರು. ಆಮೇಲೆ ನಾನು ಎಣಿಸದೇ ಇದ್ದ ಪ್ರಶ್ನೆಗಳು ಶುರುವಾದವು. ಯಾರ ಒಲೆ ಯಾವುದು ಅಂತ ಆಕೆ ಹೇಗೆ ನೆನಪಿಟ್ಟುಕೊಳ್ಳುತ್ತಾಳೆ? ಜಗಳ ಆದರೆ? ಆ ಸೌದೆ ಬಿಟ್ಟು ಹೋಗುವುದನ್ನು ನಿಜವಾಗಿ ಎಲ್ಲರೂ ಪಾಲಿಸುತ್ತಾರಾ? ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕೇಳುತ್ತಿದ್ದರು. ಎಂಜಲೆಲೆ ಎಣಿಸಿದ ಕಥೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

ಕೊನೆಗೆ ಕೆಂಪು ಪೆನ್ನು ತೆಗೆದುಕೊಂಡು ನೀಲಿ ಚೌಕಕ್ಕೆ ಅಡ್ಡ ಗೆರೆ ಎಳೆದರು. ಪಾರ್ಕಿಂಗು ರಸ್ತೆಯ ಆಚೆ ಬದಿಗೆ ಹೋಗಲಿ ಎಂದರು. ಬಯಲಿಗೆ ನಲ್ಲಿ, ಶೌಚಾಲಯ, ಬಟ್ಟೆ ಬದಲಾಯಿಸುವ ಕೋಣೆ, ಅರ್ಧ ಭಾಗಕ್ಕೆ ಚಾವಣಿ. ನನ್ನ ಎದೆ ಹಗುರಾಗುವಷ್ಟರಲ್ಲಿ ಪೆನ್ನು ರಸ್ತೆ ಬದಿಯ ಪಟ್ಟಿಗೆ ಬಂದು ನಿಂತಿತು.

"ಒಳಗೆ ಹೋಗೋಕೆ ದಾರಿ ಬೇಕಲ್ಲ. ಈ ಐದು ಒಲೆ ತೆಗೀಬೇಕಾಗುತ್ತೆ. ಖಾಲಿ ಅಂತ ನೀವೇ ಬರೆದಿದ್ದೀರಿ."

"ಹೌದು ಸಾರ್," ಎಂದೆ. "ಖಾಲಿನೇ."

ನರಸೀಪುರಕ್ಕೆ ಹೋಗಿ ಪಾತ್ರೆಯಮ್ಮನಿಗೆ ಸುದ್ದಿ ಹೇಳಿದೆ. ಒಲೆ ಉಳಿಯಿತು ಎಂದಾಗ ಎರಡೂ ಕೈ ಎತ್ತಿ ಹೊಳೆಗೆ ಮುಗಿದಳು. ಐದು ಹೋಗುತ್ತವೆ ಎಂದಾಗ ಯಾವ ಐದು ಎಂದು ಕೇಳಲಿಲ್ಲ. ನನ್ನ ಮುಖ ನೋಡಿ, "ಕಾಪಿ ಕುಡೀತೀಯಾ?" ಎಂದಳು.

ಕೆಲಸ ಶುರುವಾದದ್ದು ಮಳೆಗಾಲ ಕಳೆದ ಮೇಲೆ. ಆ ಹೊತ್ತಿಗೆ ನಾನು ಮನೆಯಲ್ಲಿ ಎಲ್ಲರ ಬೆನ್ನು ಹತ್ತಿದ್ದೆ. ಅಮ್ಮ, ಇಬ್ಬರು ಚಿಕ್ಕಪ್ಪಂದಿರು, ಅವರ ಮಕ್ಕಳು ಸೊಸೆಯರು, ಮೈಸೂರಿನ ಅತ್ತೆ, ನಮ್ಮೆಜಮಾನರು. ಕಾರು ಬೇಡ ಎಂದು ಹಟ ಮಾಡಿ ಒಂದು ಲಗೇಜ್ ಆಟೋಗೆ ಅಕ್ಕಿ ಬೇಳೆ ಕಾಯಿ ಹೇರಿಸಿ, ಎಲ್ಲರನ್ನೂ ಬಸ್ಸಿಗೆ ಹತ್ತಿಸಿದೆ. ಒಲೆ ಇಲ್ಲ ಎಂದು ಮನೆಯವರಿಗೆ ಹೇಳಿರಲಿಲ್ಲ. ಯಾರದಾದರೂ ಒಲೆಯನ್ನು ಒಂದು ದಿನದ ಮಟ್ಟಿಗೆ ಕೇಳಿಕೊಂಡರಾಯಿತು ಎಂದುಕೊಂಡಿದ್ದೆ.

ಸಂಜೆ ನಾಲ್ಕಕ್ಕೆ ಬಯಲಿಗೆ ಇಳಿದೆವು. ರಸ್ತೆ ಬದಿಯ ಮೂಲೆಯಲ್ಲಿ ಜಲ್ಲಿ ಹರಡಿ ದಾರಿ ಮಾಡಿದ್ದರು. ಮೂವತ್ತೊಂಬತ್ತರ ಗುರುತೂ ಇರಲಿಲ್ಲ. ಪಾತ್ರೆಯಮ್ಮ ಗುಡಿಸಲಿನಿಂದ ಎದ್ದು ಬಂದಳು. ಮುಂದೆ ನಡೆದಳು, ನಾವು ಹಿಂದೆ. ಹೊಸ ಚಾವಣಿಗೆ ನಿಲ್ಲಿಸಿದ್ದ ಕಂಬಗಳನ್ನು ದಾಟಿ, ಕವಲಂದೆಯವರ ಒಲೆಯ ಪಕ್ಕದಲ್ಲಿ ನಿಂತಳು. ಅಲ್ಲಿ ಸಗಣಿಯಿಂದ ಸಾರಿಸಿದ ಜಾಗದಲ್ಲಿ ಮೂರು ಕಲ್ಲು. ಒಂದರ ಮೈಮೇಲೆ ಸರ್ವೆಯರ್ ಸಾಹೇಬರು ಪೇಂಟಿನಲ್ಲಿ ಬರೆದಿದ್ದ ಮೂವತ್ತೊಂಬತ್ತು ಇನ್ನೂ ಅರ್ಧ ಉಳಿದಿತ್ತು.

"ಜಾಗ ಓದ್ರೆ ಓಯ್ತು. ಕಲ್ಲು ನಿಮ್ದೇ. ಅವ್ರ ಮಿಷೀನು ಬರೋಕ್ ಮುಂಚೆ ಒಂದೊಂದೇ ಒತ್ಕಂಡು ಬಂದೆ," ಎಂದಳು. ಆಮೇಲೆ ಎಲ್ಲರನ್ನೂ ಕೇಳುವ ಹಾಗೆಯೇ ನನ್ನನ್ನೂ ಕೇಳಿದಳು. "ಎಷ್ಟ್ ಜನ ಬಂದಿದ್ದೀರವ್ವ?"

ತಿರುಗಿ ನೋಡಿದೆ. ಅಮ್ಮ ಸೆರಗು ಬಿಗಿದು ಆಗಲೇ ಕಲ್ಲಿನ ಮುಂದೆ ಕೂತು ಕಾಳಿನ ಗಂಟು ಬಿಚ್ಚುತ್ತಿದ್ದಳು. ಚಿಕ್ಕಪ್ಪಂದಿರು ನೀರಿಗೆ ಹೊರಟಿದ್ದರು. ಸೊಸೆಯೊಬ್ಬಳ ಕಂಕುಳಲ್ಲಿ ಕೂಸು ಇತ್ತು. ಎಣಿಸಲು ಎತ್ತಿದ್ದ ಬೆರಳನ್ನು ಮಡಚಿಕೊಂಡೆ.

"ಒಂದೊಕ್ಲು ಕಣವ್ವ."

ಪಾತ್ರೆಯಮ್ಮ ಕತ್ತು ಒಮ್ಮೆ ಆ ಕಡೆಯಿಂದ ಈ ಕಡೆಗೆ ತಿರುಗಿಸಿ ನೋಡಿ, ಗುಡಿಸಲಿಗೆ ಹೋಗಿ ಡಬರಿ ತಂದಿಟ್ಟಳು. ಆ ರಾತ್ರಿಯ ಊಟಕ್ಕೆ ಅನ್ನ ಮಿಗಲೂ ಇಲ್ಲ, ಯಾರಿಗೂ ಕಡಿಮೆಯಾಗಲೂ ಇಲ್ಲ. ಬೆಳಿಗ್ಗೆ ಮಿಂದು ಹೊರಡುವಾಗ ಅಮ್ಮ ಒಲೆಗೆ ನೀರು ಚಿಮುಕಿಸಿದಳು. ನಾನು ಒಂದು ಸೌದೆ ಆರಿಸಿ, ಕಲ್ಲಿಗೆ ಒರಗಿಸಿಟ್ಟು ಬಂದೆ.